ಕೋರೆಯ ತಿರುವಿನಲ್ಲಿ ಎರಡನೆಯ ಗೇರು

ನಮ್ಮ ಮನೆಯಲ್ಲಿ ಗಡಿಯಾರ ಇತ್ತೋ ಇಲ್ಲವೋ ನನಗೆ ಖಚಿತವಿಲ್ಲ. ಚಾವಡಿಯ ಗೋಡೆಯಲ್ಲಿ ಒಂದು ಇತ್ತು, ಅದಕ್ಕೆ ಕೀಲಿ ಕೊಡುವ ಕೆಲಸ ನಿನ್ನದೇ ಆಗಿತ್ತು ಎಂದು ತಂಗಿ ಹೇಳುತ್ತಾಳೆ. ಇದ್ದಿರಬಹುದು. ಅಡುಗೆಮನೆಯಲ್ಲಂತೂ ಯಾರೂ ಅದರ ಮಾತು ಕೇಳುತ್ತಿರಲಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆ ಒಂದು ಉದ್ದನೆಯ ಏರು ಹತ್ತಿ ಸುಧಾರಿಸಿಕೊಳ್ಳುವ ಜಾಗದಲ್ಲಿ ನಮ್ಮ ಮನೆ ಇತ್ತು. ಏರಿನ ಬುಡದಲ್ಲಿ ಒಂದು ಮೋರಿ, ನಡುವೆ ಕೆಂಪು ಮುರಕಲ್ಲು ಕಡಿದು ತೆಗೆಯುವ ಕೋರೆಯನ್ನು ಸುತ್ತಿಕೊಂಡು ಹೋಗುವ ತಿರುವು, ಮೇಲೆ ನಾವು. ಮೋರಿಯ ಹತ್ತಿರ ಬಸ್ಸು ಮೂರನೆಯ ಗೇರಿಗೆ ಇಳಿದ ಸದ್ದು ಕೇಳಿದರೆ ಅಜ್ಜಿ ಗಂಜಿಯ ಮಡಕೆಯ ಕೆಳಗಿನ ಕೊಳ್ಳಿ ಹಿಂದಕ್ಕೆ ಎಳೆಯುತ್ತಿದ್ದರು. ಕೋರೆಯ ತಿರುವಿನಲ್ಲಿ ಎರಡನೆಯದು ಬಿದ್ದರೆ ಬಟ್ಟಲಿಗೆ ಗಂಜಿ. ಅಜ್ಜ ಬದುಕಿದ್ದಾಗ ಯುದ್ಧಕಾಲದ ಇದ್ದಿಲಿನ ಬಸ್ಸು ಬಿಡುತ್ತಿದ್ದರಂತೆ. ಅವರು ಅಂಗಳಕ್ಕೆ ಕಾಲಿಡುವಾಗ ಗಂಜಿ ಕುಡಿಯುವಷ್ಟು ಆರಿರಬೇಕು ಎಂಬ ಲೆಕ್ಕದಿಂದ ಹುಟ್ಟಿದ ಅಭ್ಯಾಸವದು. ಅಜ್ಜ ಹೋದ ಮೇಲೂ ಲೆಕ್ಕ ಉಳಿಯಿತು. ನಾನು ಹುಟ್ಟುವ ಹೊತ್ತಿಗೆ ಅಜ್ಜಿ ಆ ರಸ್ತೆಯ ಅಷ್ಟೂ ಡ್ರೈವರುಗಳನ್ನು ಒಲೆಯ ಮುಂದೆ ಕೂತಲ್ಲಿಂದಲೇ ಬಲ್ಲವರಾಗಿದ್ದರು. ಅವರು ಒಂದು ಸಲವೂ ಮೋಟಾರಿನಲ್ಲಿ ಕೂತವರಲ್ಲ. ಬಂಟ್ವಾಳಕ್ಕೂ ನಡೆದೇ ಹೋಗುತ್ತಿದ್ದರು.

ನಮ್ಮದು ತಾಯಿಯ ಕಡೆಯಿಂದ ನಡೆಯುವ ಅಳಿಯಕಟ್ಟಿನ ಮನೆ. ಅಜ್ಜಿ, ಅಮ್ಮ, ಅಮ್ಮನ ಅಣ್ಣ ಸಂಜೀವ ಮಾವ, ನಾನು, ತಂಗಿ. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿದ್ದರು. ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗುತ್ತಿದ್ದರು. ಮಾತು ತುಳು. ಅದನ್ನು ಇಲ್ಲಿ ಕನ್ನಡಕ್ಕೆ ತರುವಾಗಲೇ ಸ್ವಲ್ಪ ಸುಳ್ಳು ಸೇರಿಕೊಳ್ಳುತ್ತದೆ ಎಂಬುದು ನನಗೆ ಗೊತ್ತು. ಉಳಿದ ಸುಳ್ಳು ಎಲ್ಲಿಂದ ಸೇರುತ್ತದೆ ಎಂಬುದು ಗೊತ್ತಿಲ್ಲ. ಮೈಸೂರಿನಲ್ಲಿ ಓದಿದ ವರ್ಷಗಳಲ್ಲಿ ನಾನು ಕಲಿತ ಮುಖ್ಯ ವಿದ್ಯೆಯೆಂದರೆ ನನ್ನ ನೆನಪನ್ನು ಬೇರೆಯವರ ಸಾಕ್ಷಿಯಂತೆ ಅಡ್ಡಪ್ರಶ್ನೆ ಹಾಕಿ ನೋಡುವುದು. ಹಾಗೆ ನೋಡಿದಾಗ ಬಾಲ್ಯದ ಮುಕ್ಕಾಲು ಪಾಲು ನಿಲ್ಲುವುದಿಲ್ಲ. ನಿಲ್ಲುವ ಕಾಲು ಪಾಲಿನಲ್ಲಿ ಅಡುಗೆಮನೆಯ ಹಿಂದಿನ ಜಗಲಿ ಉಂಟು. ಅಲ್ಲಿ ಅಜ್ಜಿಯ ಪಕ್ಕ ಕೂತು ನಾನು ಕೇಳುವುದನ್ನು ಕಲಿತೆ.

“ಯಾರು ಮಗಾ ಬರುವುದು?”

“ಹಮ್ಮಬ್ಬಾಕ.”

“ಹೇಗೆ ಗೊತ್ತಾಯ್ತು?”

“ಗೇರು ಇಳಿಸುವ ಮೊದಲು ಒಂದು ಸಲ ಕೆಮ್ಮಿಸ್ತಾರೆ.”

“ಅವನು ಕೆಮ್ಮಿಸುವುದಲ್ಲ. ಎಂಜಿನಿಗೆ ಹೇಳ್ತಾನೆ, ಈಗ ನಿನ್ನನ್ನು ಬಿಡ್ತೇನೆ, ಹೆದರಬೇಡ ಅಂತ. ಸರಿ ಕೇಳು.”

ಆ ಕಾಲದ ಬಸ್ಸಿನಲ್ಲಿ ಏರಿನ ನಡುವೆ ಗೇರು ಇಳಿಸುವುದೆಂದರೆ ಸಣ್ಣ ಸಂಗತಿಯಲ್ಲ. ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಎಂಜಿನಿಗೆ ಅಳತೆಯ ಒಂದು ಉಸಿರು ಕೊಡಬೇಕು. ಅಳತೆ ತಪ್ಪಿದರೆ ಗೇರಿನ ಹಲ್ಲಿಗೆ ಹಲ್ಲು ಉಜ್ಜಿ ಕರ್ರೆನ್ನುತ್ತದೆ. ಬಸ್ಸು ಯಾವ ಗೇರಿನಲ್ಲೂ ಇಲ್ಲದೆ ನಲವತ್ತು ಜನರೊಡನೆ ಏರಿನಲ್ಲಿ ತೂಗುತ್ತದೆ. ಅಜ್ಜಿಗೆ ಕೇಳಬೇಕಾದದ್ದು ಆ ಉಸಿರು. ಡ್ರೈವರುಗಳಿಗೂ ಇದು ಗೊತ್ತಿತ್ತು. ಹೊಸಬರು ಯಾರಾದರೂ ಈ ರಸ್ತೆಗೆ ಬಂದರೆ ವಾರದ ನಂತರ ನಮ್ಮ ಮನೆಯ ಮುಂದೆ ನಿಲ್ಲಿಸಿ, ನೀರು ಕುಡಿಯುವ ನೆಪದಲ್ಲಿ “ಅಮ್ಮಾ, ಹೇಗಾಗ್ತದೆ?” ಎಂದು ಕೇಳಿಹೋಗುತ್ತಿದ್ದರು. ಅಜ್ಜಿಯ ಬಾಯಿಂದ ಬರುತ್ತಿದ್ದದ್ದು ಒಂದೋ ಎರಡೋ ಮಾತು. “ಅವಸರ.” ಅಥವಾ “ಆಗಬಹುದು.” ಹೊಗಳಿದ್ದು ನಾನು ಕೇಳಿಲ್ಲ. ಸುಳ್ಳು ಹೇಳಿದ್ದನ್ನೂ ಕೇಳಿಲ್ಲ.

ಸಂಜೀವ ಮಾವ ಆ ಏರಿನ ಅತ್ಯುತ್ತಮ ಡ್ರೈವರು ಎಂದು ನಾನು ನಂಬಿದ್ದೆ. ಬಹುಶಃ ಎಲ್ಲ ಹುಡುಗರೂ ಮಾವನ ಬಗ್ಗೆ ಹಾಗೆಯೇ ನಂಬುತ್ತಾರೆ. ನನಗೆ ಏಳೋ ಎಂಟೋ ವರ್ಷವಾಗಿದ್ದಾಗ, ಮಳೆಗಾಲ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ಮಾವನ ಬಸ್ಸು ಕೋರೆಯ ತಿರುವಿನಲ್ಲಿ ಗೇರು ತಪ್ಪಿತು. ಕರ್ರೆಂದದ್ದು ನನಗೂ ಕೇಳಿತು. ಆಮೇಲಿನದು ಜನರ ಬೊಬ್ಬೆ. ಬಸ್ಸು ಹಿಂದಕ್ಕೆ ಸರಿದು, ರಸ್ತೆಯ ಅಂಚು ಕುಸಿದು, ಹಿಂದಿನ ಚಕ್ರ ಚರಂಡಿಗಿಳಿದು ಪಕ್ಕದ ಮಣ್ಣಿನ ದರೆಗೆ ಒರಗಿ ನಿಂತಿತ್ತು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಒಬ್ಬರು ಹೆದರಿ ಹಾರಿ ಕಾಲು ಮುರಿದುಕೊಂಡರು. ಜೀವ ಯಾರದ್ದೂ ಹೋಗಲಿಲ್ಲ. ಸಂಜೆ ಬಸ್ಸಿನ ಯಜಮಾನರು ಬಂದು ಚಾವಡಿಯಲ್ಲಿ ಕೂತರು. ಮಾವ ಕಂಬಕ್ಕೆ ಒರಗಿ ನಿಂತಿದ್ದ. ಯಜಮಾನರು ಕೇಳಿದ್ದು ಮಾವನನ್ನಲ್ಲ, ಅಜ್ಜಿಯನ್ನು.

“ಗೇರು ತಪ್ಪಿತಾ ಅಮ್ಮ?”

“ತಪ್ಪಿತು,” ಎಂದು ಅಜ್ಜಿ ಒಳಗೆ ಹೋದರು.

ಮಾವ ಬಸ್ಸಿನ ಕೀಲಿಯನ್ನು ಯಜಮಾನರ ಮುಂದಿಟ್ಟ. ಯಾರೂ ಕೊಡು ಎಂದಿರಲಿಲ್ಲ. ಅವತ್ತಿನಿಂದ ಅವನು ಬಸ್ಸಿನ ಸ್ಟಿಯರಿಂಗ್ ಮುಟ್ಟಲಿಲ್ಲ. ಮನೆಯ ಪಕ್ಕ ಹುಲ್ಲಿನ ಮಾಡಿನ ಶೆಡ್ಡು ಕಟ್ಟಿ ರಿಪೇರಿ ಕೆಲಸ ಹಿಡಿದ. ಅಜ್ಜಿ ಅವನಿಗೆ ಗಂಜಿ ಬಡಿಸುತ್ತಿದ್ದರು, ಅವನು ಕುಡಿಯುತ್ತಿದ್ದ. ಇಬ್ಬರ ನಡುವೆ ಮಾತು ಇಲ್ಲವೆಂದೇನೂ ಅಲ್ಲ: ಉಪ್ಪು ಸಾಕಾ, ಸಾಕು; ಸೌದೆ ಉಂಟಾ, ಉಂಟು. ಅಮ್ಮನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. “ಒಂದು ಮಾತು ಬಾಯಿಯೊಳಗೆ ಇಟ್ಟುಕೊಂಡಿದ್ದರೆ ನಿಮ್ಮ ನಾಲಿಗೆ ಸುಡ್ತಿತ್ತಾ?” ಎಂದು ಅವಳು ಅಜ್ಜಿಯೊಡನೆ ಜಗಳಕ್ಕೆ ನಿಲ್ಲುತ್ತಿದ್ದಳು. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದರು.

ಕೆಂಪು ಕಾರು ಬಂದದ್ದು ಇದಾದ ಮರುವರ್ಷ. ಚಾರ್ಮಾಡಿ ಘಾಟಿಯ ಆಚೆ ಕಾಫಿ ತೋಟವಿದ್ದ ಒಬ್ಬ ಇಂಗ್ಲಿಷ್ ದೊರೆ ಊರಿಗೆ ಮರಳುವಾಗ ಅದನ್ನು ಮಾವನಿಗೆ ಬಿಟ್ಟುಹೋದರು. ಅದರ ಎರಡು ಕಾರ್ಬುರೇಟರುಗಳನ್ನು ಒಂದೇ ತಾಳಕ್ಕೆ ತರಲು ಬೆಳ್ತಂಗಡಿಯಿಂದ ಮಂಗಳೂರಿನವರೆಗೆ ಮಾವನೊಬ್ಬನಿಗೇ ಬರುತ್ತಿತ್ತು ಎಂಬುದು ಕಾರಣವಂತೆ. ದೊರೆಯನ್ನು ನಾನು ನೋಡಿಲ್ಲ, ಕಾರನ್ನು ನೋಡಿದ್ದೇನೆ. ಯುದ್ಧಕ್ಕಿಂತ ಹಿಂದಿನದು. ಮೇಲೆ ಮಾಡು ಇಲ್ಲ. ಮುಂದಿನ ಗಾಜು ಮಡಚಿ ಮಲಗಿಸಬಹುದು. ಸೈಕಲಿನದರಂಥ ಕಡ್ಡಿಯ ಚಕ್ರಗಳು. ಅರ್ಧ ಉದ್ದ ಬರೀ ಬಾನೆಟ್ಟು, ಅದರ ಮೇಲೊಂದು ಚರ್ಮದ ಪಟ್ಟಿ. ಉಳಿದರ್ಧದಲ್ಲಿ ಎರಡೇ ಎರಡು ಸೀಟು. ಮಾವ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿ ಎಂಜಿನು ಬಂದ್ ಮಾಡಿದಾಗ ಕೋಳಿಗಳು ಕೂಡ ದೂರ ನಿಂತಿದ್ದವು. ಬಿಸಿ ಲೋಹ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಅದರ ಪಕ್ಕ ಕೂತು ಆ ಸದ್ದು ಪೂರ್ತಿ ನಿಲ್ಲುವವರೆಗೆ ಏಳಲಿಲ್ಲ. ದೇವಸ್ಥಾನದಲ್ಲಿ ಬರದೇ ಇದ್ದ ಭಯಭಕ್ತಿ ನನಗೆ ಅಂಗಳದಲ್ಲಿ ಬಂತು. ಈ ವಾಕ್ಯ ಸ್ವಲ್ಪ ಅತಿಯಾಯಿತು ಎಂದು ಗೊತ್ತಿದ್ದೂ ಹೊಡೆದುಹಾಕಲಾರೆ.

ಆ ಕಾರಿನಿಂದಾಗಿ ನಮ್ಮ ಜಗಲಿ ಒಂದು ಸಭೆಯಾಯಿತು. ಹಮ್ಮಬ್ಬಾಕ ಮಧ್ಯಾಹ್ನದ ಟ್ರಿಪ್ಪಿಗೂ ಸಂಜೆಯದಕ್ಕೂ ನಡುವಿನ ಬಿಡುವಿನಲ್ಲಿ ಬರುತ್ತಿದ್ದರು. ಮಾವನ ಜೊತೆಗೇ ಕ್ಲೀನರಾಗಿ ಸೇರಿ ಡ್ರೈವರಾದವರು; ಮಾವ ಬಿಟ್ಟ ಬಸ್ಸು ಈಗ ಬಿಡುತ್ತಿದ್ದವರು. ಮೂಡುಬಿದಿರೆಯ ಕೊಂಕಣಿ ಡಾಕ್ಟರು ಭಾನುವಾರ ಬರುತ್ತಿದ್ದರು. ಅವರಿಗೆ ಎಲ್ಲಿಂದಲೋ ಇಂಗ್ಲಿಷ್ ಮೋಟಾರು ಪತ್ರಿಕೆಗಳು ಸಿಗುತ್ತಿದ್ದವು, ಮೂರು ತಿಂಗಳು ಹಳೆಯವು. ಯುರೋಪಿನ ಯಾವ ರೇಸಿನ ಯಾವ ತಿರುವಿನಲ್ಲಿ ಯಾರು ಹೇಗೆ ತಿರುಗಿಸಿದರೆಂದು ಕಣ್ಣಲ್ಲಿ ಕಂಡವರಂತೆ ಹೇಳುವ ಡಾಕ್ಟರು ತಮ್ಮ ಕಪ್ಪು ಕಾರನ್ನು ಇಪ್ಪತ್ತೈದು ಮೈಲಿಗಿಂತ ಜೋರಾಗಿ ಬಿಟ್ಟವರಲ್ಲ.

“ಇದು ಕಾರಾ ದೋಣಿಯಾ ಸಂಜೀವಣ್ಣ?” ಎಂದು ಹಮ್ಮಬ್ಬಾಕ ಶುರು ಮಾಡುತ್ತಿದ್ದರು. “ಹೊಟ್ಟೆ ನೆಲಕ್ಕೆ ತಾಗ್ತದೆ. ನಮ್ಮ ರಸ್ತೆಯಲ್ಲಿ ಒಂದು ಹಲಸಿನಹಣ್ಣು ಬಿದ್ದಿದ್ರೆ ಇದಕ್ಕೆ ಗುಡ್ಡೆ ಹತ್ತಿದ ಹಾಗೆ.”

“ಹೊಟ್ಟೆ ಕೆಳಗಿದ್ದರೇ ತಿರುವಿನಲ್ಲಿ ಮಗುಚುವುದಿಲ್ಲ ಮಾರಾಯ,” ಎಂದು ಡಾಕ್ಟರು.

“ಎರಡೇ ಸೀಟು! ಹೆಂಡತಿ ಕೂತರೆ ಅತ್ತೆಗೆ ಜಾಗ ಇಲ್ಲ.”

“ಅದಕ್ಕೇ ಇಷ್ಟು ಬೆಲೆಬಾಳ್ತದೆ.”

“ನೀವು ನಗಾಡ್ತೀರಿ ಡಾಕ್ಟ್ರೇ. ಖಾಲಿ ಗಾಡಿ ಓಡಿಸುವುದು ಎಂಥ ಡ್ರೈವಿಂಗು? ಮೂವತ್ತೆಂಟು ಜನ, ಆರು ಕೋಳಿ, ಮೇಲೆ ಬಾಳೆಗೊನೆ, ಒಳಗೊಬ್ಬಳು ಗರ್ಭಿಣಿ. ಅದನ್ನು ಅಲುಗಾಡದ ಹಾಗೆ ಏರು ಹತ್ತಿಸಲಿ, ಆಗ ಸಲಾಂ ಹೊಡೀತೇನೆ.”

ಡಾಕ್ಟರ ವಾದವೇ ಬೇರೆ. ವೇಗ ಮುಖ್ಯವಲ್ಲ, ಸಮತೋಲ ಮುಖ್ಯ. ಬ್ರೇಕು ಏನಿದ್ದರೂ ತಿರುವಿಗಿಂತ ಮೊದಲು, ನೇರ ರಸ್ತೆಯಲ್ಲಿ ಮುಗಿಸಬೇಕು. ತಿರುವಿನೊಳಗೆ ಬ್ರೇಕು ಹಾಕುವವನು ಕಾರನ್ನು ನಂಬದವನು. ನಿಜವಾದ ಓಟಗಾರ ಒಂದೇ ಬಲಗಾಲಿನ ಬೆರಳಿನಿಂದ ಬ್ರೇಕು, ಹಿಮ್ಮಡಿಯಿಂದ ಆಕ್ಸಿಲರೇಟರು ಒತ್ತುತ್ತಾನೆ. ಎಡಗಾಲು ಕ್ಲಚ್ಚಿನಲ್ಲಿ ಕುಣಿಯುತ್ತಿರುತ್ತದೆ. ಇದನ್ನು ತೋರಿಸಲು ಒಮ್ಮೆ ಅವರು ಬೂಟು ಬಿಚ್ಚಿ, ಊಟದ ಮಣೆ ಎರಡು, ಅಜ್ಜಿಯ ತುರಿಮಣೆ ಒಂದು ಸಾಲಾಗಿ ಇಟ್ಟುಕೊಂಡು ಜಗಲಿಯಲ್ಲೇ ತುಳಿಯತೊಡಗಿದರು. ಅಜ್ಜಿ ಒಳಗಿನಿಂದ ಬಂದು ನೋಡಿದರು.

“ಡಾಕ್ಟ್ರೇ, ಬ್ರೇಕು ಬೇಕಾದರೆ ತೆಗೊಳ್ಳಿ. ಆಕ್ಸಿಲರೇಟರು ಕೊಡಿ, ಸಾರಿಗೆ ಕಾಯಿ ತುರೀಲಿಕ್ಕುಂಟು.”

ಆ ಮಾತಿಗೆ ಮಾವನೂ ನಕ್ಕ. ಅವನು ನಕ್ಕದ್ದು ನೆನಪಿರುವುದು ಅದು ಅಪರೂಪವಾಗಿತ್ತು ಎಂಬ ಕಾರಣಕ್ಕೆ. ಈ ಸಭೆಗಳಲ್ಲಿ ಅವನು ಕಾರನ್ನು ತೊಳೆಯುತ್ತಿದ್ದ, ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡುತ್ತಿದ್ದ. ಓಡಿಸುತ್ತಲೂ ಇದ್ದ. ಆದರೆ ಹೇಗೆ ಎಂಬುದು ಇಡೀ ರಸ್ತೆಗೆ ಗೊತ್ತಿದ್ದ ವಿಷಯ. ಬುಡದ ಮೋರಿಯಲ್ಲಿ ಕಾರನ್ನು ಪೂರ್ತಿ ನಿಲ್ಲಿಸಿ, ಅಲ್ಲೇ ಎರಡನೆಯ ಗೇರಿಗೆ ಹಾಕಿಕೊಂಡು, ಏರು ಮುಗಿಯುವವರೆಗೆ ಅದೊಂದರಲ್ಲೇ ಬರುತ್ತಿದ್ದ. ಕೋರೆಯ ತಿರುವಿನಲ್ಲಿ ಅವನ ಕೈ ಗೇರಿನ ಕೋಲಿಗೆ ಹೋಗುತ್ತಿರಲಿಲ್ಲ. ಅಷ್ಟುದ್ದದ ಬಾನೆಟ್ಟಿನೊಳಗಿನ ಆ ಎಂಜಿನು ಕಟ್ಟಿಹಾಕಿದ ಪ್ರಾಣಿಯ ಹಾಗೆ ಒಂದೇ ಸ್ವರದಲ್ಲಿ ಅರಚಿಕೊಂಡು ಹತ್ತುತ್ತಿತ್ತು. “ಸ್ಪೋರ್ಟ್ಸ್ ಕಾರಿನ ಜೀವ ಇರುವುದೇ ಗೇರು ಬದಲಿಸುವುದರಲ್ಲಿ,” ಎಂದು ಡಾಕ್ಟರು ಮೆತ್ತಗೆ ಹೇಳುತ್ತಿದ್ದರು. ಹಮ್ಮಬ್ಬಾಕ ಬೇರೆ ಎಲ್ಲದಕ್ಕೂ ತಮಾಷೆ ಮಾಡಿದರೂ ಇದಕ್ಕೆ ಮಾಡುತ್ತಿರಲಿಲ್ಲ. ಅಜ್ಜಿ ಒಲೆಯ ಮುಂದೆ ಆ ಅರಚಾಟ ಕೇಳುತ್ತ ಕೂತಿರುತ್ತಿದ್ದರು. “ಉಸಿರು ಉಂಟು ಅದಕ್ಕೆ,” ಎಂದರು ಒಮ್ಮೆ, ನನಗೆ ಮಾತ್ರ ಕೇಳುವಂತೆ. “ಬಿಡ್ಲಿಕ್ಕೆ ಜನ ಇಲ್ಲ.”

ಕಾರಿನ ಎರಡನೆಯ ಸೀಟಿನಲ್ಲಿ ಮಾವ ಯಾರನ್ನೂ ಕೂರಿಸುತ್ತಿರಲಿಲ್ಲ. ನಾನು ಅತ್ತಿದ್ದೇನೆ, ಊಟ ಬಿಟ್ಟಿದ್ದೇನೆ, ಒಮ್ಮೆ ಬಾನೆಟ್ಟಿನ ಪಟ್ಟಿ ಹಿಡಿದು ಬಿಡದೆ ಅಮ್ಮನಿಂದ ಪೆಟ್ಟು ತಿಂದಿದ್ದೇನೆ. “ಇನ್ನೊಬ್ಬರ ಜೀವ ನನ್ನ ಪಕ್ಕ ಬೇಡ,” ಎಂಬುದು ಅವನ ಒಂದೇ ಉತ್ತರ. ಅಂಥ ಕಾರು ಮನೆಯ ಅಂಗಳದಲ್ಲಿದ್ದೂ ಅದರ ಮುಂದೆ ನಿಂತು ನೋಡುವುದಷ್ಟೇ ನಮ್ಮ ಪಾಲಿಗೆ.

ಕೆಡ್ಡಸದ ದಿನ ಬಂತು. ನಮ್ಮ ಕಡೆ ಆ ಮೂರು ದಿನ ಭೂಮಿ ಮೈನೆರೆಯುತ್ತಾಳೆ ಎಂದು ನಂಬಿಕೆ; ಅವಳಿಗೆ ನೋವಾಗುವಂತೆ ಹಾರೆ, ಗುದ್ದಲಿ ಮುಟ್ಟುವಂತಿಲ್ಲ. ಅಜ್ಜಿ ಈ ನಿಯಮವನ್ನು ಶೆಡ್ಡಿಗೂ ವಿಸ್ತರಿಸಿದ್ದರು. ಜಾಕು ಇಟ್ಟರೆ ನೆಲಕ್ಕೆ ಒತ್ತುತ್ತದೆ, ಆದ್ದರಿಂದ ಜಾಕು ಬೇಡ. ಜಾಕಿಲ್ಲದ ಮೇಲೆ ರಿಪೇರಿ ಇಲ್ಲ. ರಿಪೇರಿ ಇಲ್ಲದ ದಿನ ಡ್ರೈವರುಗಳಿಗೆ ಮಾತೇ ಕೆಲಸ. ಅಮ್ಮ ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ಕಾಯಿತುರಿ ಬೆರೆಸಿ ಬಾಳೆಲೆಯಲ್ಲಿ ಹಂಚುತ್ತಿದ್ದಳು. ಡಾಕ್ಟರು ಬಂದಿದ್ದರು. ಹಮ್ಮಬ್ಬಾಕ ಬಂದವರು ಎಂದಿನಂತೆ ದೋಣಿಯ ಮಾತು ತೆಗೆಯಲಿಲ್ಲ. ನೇರವಾಗಿ ಅಜ್ಜಿಯ ಮುಂದೆ ಕೂತರು.

“ಅಮ್ಮಾ, ಬೆಳ್ತಂಗಡಿಯಿಂದ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೊಸ ಬಸ್ಸು ಹಾಕ್ತಾರೆ. ಯಜಮಾನರು ಘಾಟಿಗೆ ಆಗುವ ಡ್ರೈವರು ಹೇಳು ಅಂದ್ರು. ನಾನು ಸಂಜೀವನ ಹೆಸರು ಹೇಳಿದೆ.”

“ಏನಂದ್ರು?”

“‘ಅವನ ತಾಯಿಯೇ ತಪ್ಪಿತು ಅಂದಿದ್ದಾರಲ್ಲ’ ಅಂದ್ರು. ಆ ಮಾತು ಹಾಗೇ ಉಂಟಮ್ಮ, ಬೆಳ್ತಂಗಡಿವರೆಗೂ ಉಂಟು. ನೀವು ಆಗಬಹುದು ಅಂತ ಒಂದು ಮಾತು ಹೇಳಿದ್ರೆ ನಾಳೆಯೇ ಕರೀತಾರೆ.”

ಅಮ್ಮ ಬಾಳೆಲೆ ಹಿಡಿದುಕೊಂಡೇ ನಿಂತಳು. ಮಾವ ಎದ್ದು ಶೆಡ್ಡಿನ ಕಡೆಗೆ ಹೊರಟ. ಅಜ್ಜಿ ಅವನ ಬೆನ್ನಿಗೆ ಹೇಳಿದರು:

“ಕೇಳದೆ ನಾನು ಹೇಗೆ ಹೇಳುವುದು? ಎರಡು ವರ್ಷ ಆಯ್ತು, ಆ ತಿರುವಿನಲ್ಲಿ ನಿನ್ನ ಗೇರು ನನಗೆ ಕೇಳ್ಲಿಲ್ಲ.”

ಮಾವ ತಿರುಗಿ ನಿಂತ. ಅವನ ಮುಖ ಹೇಗಿತ್ತು ಎಂದು ಬರೆಯಬೇಕೆಂದಿದ್ದೆ. ನೆನಪಿಲ್ಲ. ನೆನಪಿರುವುದು ಅವನು ಕೈ ಒರೆಸಿಕೊಂಡದ್ದು, ಎಣ್ಣೆಯೇ ಇಲ್ಲದ ಕೈ.

“ಹುಡುಗನನ್ನು ಕರಕೊಂಡು ಹೋಗು,” ಎಂದರು ಅಜ್ಜಿ.

“ಮಗುವನ್ನು ಯಾಕಮ್ಮ ಇದಕ್ಕೆ ಸೇರಿಸ್ತೀರಿ?” ಎಂದು ಅಮ್ಮ.

“ಒಳಗೆ ಕೂತು ಕೇಳಲಿ. ನನ್ನ ಕಿವಿಗೆ ವಯಸ್ಸಾಯ್ತು.”

ಆ ಸೀಟು ಎಷ್ಟು ತಗ್ಗಿನಲ್ಲಿತ್ತೆಂದರೆ ಕೈ ಇಳಿಬಿಟ್ಟರೆ ನೆಲ ಮುಟ್ಟಬಹುದಿತ್ತು. ನಾವು ಏರನ್ನು ಇಳಿದು ಹೋಗಿ ಮೋರಿಯನ್ನೂ ದಾಟಿ, ಆಚೆಯ ಸಪಾಟು ರಸ್ತೆಯಲ್ಲಿ ತಿರುಗಿಸಿ ನಿಂತೆವು. ಮಾವ ಮುಂದಿನ ಗಾಜನ್ನು ಮಡಚಿ ಮಲಗಿಸಿದ. ಆಮೇಲೆ ಹೊರಟ. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಕಾರು ಹಿಂದಿನಿಂದ ಯಾರೋ ಎತ್ತಿ ಎಸೆದಂತೆ ಮುಂದಕ್ಕೆ ನೆಗೆಯಿತು. ಇಷ್ಟು ದಿನ ಅರಚಿಕೊಂಡಿದ್ದ ಎಂಜಿನಿಗೆ ಇಂಥ ಸ್ವರ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಿವಿಯಿಂದಲ್ಲ, ಎದೆಯ ಮೂಳೆಯಿಂದ ಕೇಳುವ ಸ್ವರ. ಗಾಳಿ ಬಾಯಿಯೊಳಗೆ ನುಗ್ಗಿ ಉಸಿರಾಡಲು ಬಿಡಲಿಲ್ಲ. ಮೋರಿ ಬಂದದ್ದೂ ಹೋದದ್ದೂ ಒಂದೇ. ಅಲ್ಲಿ ಮಾವ ನಿಲ್ಲಿಸಲಿಲ್ಲ. ಏರು ನಮ್ಮೆದುರು ಎದ್ದು ನಿಂತಿತು, ಕೆಂಪು ರಸ್ತೆ ಬಾನೆಟ್ಟಿನ ಕೆಳಗೆ ಸುರುಳಿ ಸುತ್ತಿಕೊಳ್ಳುತ್ತ ಬಂತು. ಆ ನಿಮಿಷದಲ್ಲಿ ನನಗೆ ಭಯವಿರಲಿಲ್ಲ. ಲೋಕದಲ್ಲಿ ಇಂಥದೊಂದು ಇರಬಹುದು, ಅದು ನಮ್ಮ ಅಂಗಳದಲ್ಲೇ ಇತ್ತು ಎಂಬ ಬೆರಗು ಒಂದೇ. ದೊಡ್ಡವನಾದ ಮೇಲೆ ವಿಮಾನ ಹತ್ತಿದೆ, ಹಿಮದ ಬೆಟ್ಟ ನೋಡಿದೆ. ಆ ಬೆರಗಿನ ಹತ್ತಿರ ಬಂದದ್ದು ಯಾವುದೂ ಇಲ್ಲ.

ಕೋರೆಯ ಬಿಳಿಚಿದ ಕೆಂಪು ಗೋಡೆ ಕಂಡಿತು. ಮಾವ ನೇರ ರಸ್ತೆಯಲ್ಲೇ ಬ್ರೇಕು ಮುಗಿಸಿದ. ಕೈ ಕೋಲಿಗೆ ಹೋಯಿತು. ಕ್ಲಚ್ಚು. ಕರ್ರೆಂದಿತು.

ನನ್ನ ಅಂಗಾಲಿಗೆ ಅದು ತಾಗಿತು. ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಕಾರು ಯಾವ ಗೇರಿನಲ್ಲೂ ಇರಲಿಲ್ಲ. ಎಂಜಿನು ಬೇರೆ, ಚಕ್ರ ಬೇರೆ, ನಾವಿಬ್ಬರು ಬೇರೆ. ಅದು ಎಷ್ಟು ಹೊತ್ತು? ಮೈಸೂರಿನಲ್ಲಿದ್ದಾಗ ಲೆಕ್ಕ ಹಾಕಿ ನೋಡಿದ್ದೆ: ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚಿದ್ದರೆ ಕಾರು ಆ ಏರಿನಲ್ಲಿ ನಿಂತೇಬಿಡುತ್ತಿತ್ತು. ನನ್ನ ನೆನಪಿನಲ್ಲಿ ಅದು ಒಂದು ಮಧ್ಯಾಹ್ನದಷ್ಟು ಉದ್ದ. ಮಾವ ಕೋಲನ್ನು ಬಲವಂತ ಮಾಡಲಿಲ್ಲ. ಕೈ ಸಡಿಲಿಸಿದ. ಎಂಜಿನಿಗೆ ಒಂದು ಉಸಿರು ಕೊಟ್ಟ, ಪೂರ್ತಿ, ಅವಸರವಿಲ್ಲದೆ. ಎರಡು ಬೆರಳಿನಿಂದ ಕೋಲನ್ನು ಹಿಂದಕ್ಕೆ, ಎರಡನೆಯದಕ್ಕೆ ತಂದ. ಅದು ಹೋಗಿ ಕೂತಿತು. ಕಾರು ಮೈಯನ್ನೆಲ್ಲ ಒಟ್ಟುಗೂಡಿಸಿಕೊಂಡು ತಿರುವಿನೊಳಗೆ ಬಾಗಿತು, ಬಾಗಿದ್ದು ಎದ್ದು ಏರಿನ ತುದಿಗೆ ನಮ್ಮನ್ನು ತಂದು ಹಾಕಿತು.

ಅಂಗಳದಲ್ಲಿ ಯಾರೂ ಕೂತಿರಲಿಲ್ಲ. ಹಮ್ಮಬ್ಬಾಕ ನೆಲ ನೋಡುತ್ತಿದ್ದರು, ಅವರಿಗೆ ಕೇಳಿತ್ತು. ಡಾಕ್ಟರು “ಭಾರೀ ಚೆಂದ, ಭಾರೀ ಚೆಂದ,” ಎಂದು ಚಪ್ಪಾಳೆ ತಟ್ಟಿ ನಡುವೆ ನಿಲ್ಲಿಸಿದರು. ಅಜ್ಜಿ ಬಾಗಿಲ ದಾರಂದಕ್ಕೆ ಕೈಕೊಟ್ಟು ನಿಂತಿದ್ದರು. ಅವರು ನೋಡಿದ್ದು ನನ್ನನ್ನು.

“ಹೇಳು ಮಗಾ. ಏನು ಕೇಳಿತು?”

ಮಾವ ಇನ್ನೂ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಒಂದು ಸುಳ್ಳು ಹೇಳಿದರೆ ಅವನಿಗೆ ಬಸ್ಸು ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಗೇರಿನ ವಿಷಯದಲ್ಲಿ ಅಜ್ಜಿಯ ಮುಂದೆ ಸುಳ್ಳು ಹೇಳುವುದು ಆಗದ ಕೆಲಸ ಎಂದೂ ಗೊತ್ತಿತ್ತು. ಧೈರ್ಯದಿಂದ ನಿಜ ಹೇಳಿದೆ ಎಂದು ಬರೆದುಕೊಳ್ಳಲು ಇಷ್ಟ. ಬಹುಶಃ ಅಭ್ಯಾಸದಿಂದ ಹೇಳಿದೆ.

“ಒಮ್ಮೆ ತಪ್ಪಿತು.”

“ಅಯ್ಯೋ, ಬಾಯಿ ಮುಚ್ಚು,” ಎಂದಳು ಅಮ್ಮ.

“ಅಷ್ಟೇಯಾ?” ಎಂದರು ಅಜ್ಜಿ.

“ಅಲ್ಲ. ಆಮೇಲೆ ಸಿಕ್ಕಿತು.”

“ಹೇಗೆ ಸಿಕ್ಕಿತು?”

“ಮೆಲ್ಲ ಸಿಕ್ಕಿತು. ಮತ್ತೆ ಎಳೆಯಿತು.”

“ಹಾಗೆ ಪೂರ್ತಿ ಹೇಳಬೇಕು,” ಎಂದರು ಅಜ್ಜಿ. “ನಾನು ಅವತ್ತು ಪೂರ್ತಿ ಹೇಳ್ಲಿಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಮಾವ ಮಾತ್ರ ಕಾರಿನಿಂದ ಇಳಿದ.

“ಸಿಕ್ಕಿತ್ತು ಸಂಜೀವ. ಅವತ್ತೂ ಎರಡನೆಯ ಸಲಕ್ಕೆ ಸಿಕ್ಕಿತ್ತು. ಎಂಜಿನು ಭಾರ ಹಿಡಿದದ್ದು ನನಗೆ ಕೇಳಿತ್ತು. ಬಸ್ಸು ನಿಂತಿತ್ತು. ರಸ್ತೆಯ ಅಂಚು ಕುಸಿದದ್ದು ಆಮೇಲೆ.”

“ಮತ್ತೆ ಎರಡು ವರ್ಷ ಎಂಥಕ್ಕಮ್ಮ ಹೇಳದೆ ಕೂತದ್ದು?” ಹಮ್ಮಬ್ಬಾಕನ ಸ್ವರ ಜೋರಾಯಿತು. ಅಜ್ಜಿಯ ಮುಂದೆ ಅವರು ಹಾಗೆ ಮಾತಾಡಿದ್ದು ಅದೊಂದೇ ಸಲ.

“ಅವರು ಕೇಳಿದ್ದು ತಪ್ಪಿತಾ ಅಂತ. ತಪ್ಪಿತ್ತು. ಸಿಕ್ಕಿತು ಅಂತ ನಾನು ಸೇರಿಸಿದ್ರೆ ಅದು ತಾಯಿ ಸೇರಿಸಿದ್ದಾಗ್ತದೆ. ಬೇರೆಯವರ ಮಗ ಆಗಿದ್ರೆ ಹೇಳ್ತಿದ್ದೆ. ನನ್ನ ಮಗನಿಗೆ ಹೇಳಿದ್ರೆ ಯಾರು ನಂಬ್ತಾರೆ?”

“ನಾನು ನಂಬ್ತಿದ್ದೆ,” ಎಂದ ಮಾವ.

ಇಡೀ ರಸ್ತೆ ತನ್ನ ಕಿವಿಯನ್ನು ನಂಬಬೇಕು ಎಂಬ ಒಂದೇ ಕಾರಣಕ್ಕೆ ಅದನ್ನು ಮಗನಿಂದ ದೂರ ಇಟ್ಟುಕೊಂಡಿದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಮಗನಿಗೆ ಬೇಕಾಗಿದ್ದದ್ದು ರಸ್ತೆಯ ನಂಬಿಕೆ ಅಲ್ಲವೇ ಅಲ್ಲ. ಅಜ್ಜಿ ಅಂಗಳಕ್ಕಿಳಿದು ಬಂದು ಕಾರಿನ ಪಕ್ಕ ನಿಂತರು, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಸುಟ್ಟರೂ ತೆಗೆಯಲಿಲ್ಲ. ಮಾವ ಅವರ ಕೈಯನ್ನು ತಾನೇ ಎತ್ತಿ ಬದಿಗಿಟ್ಟ. “ಉಪ್ಪು ಸಾಕಾ” ಎಂಬಷ್ಟನ್ನೇ ಮಾತಾಡಿಕೊಂಡಿದ್ದ ಎರಡು ವರ್ಷಗಳ ನಂತರ ಅವರಿಬ್ಬ‌ರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅವತ್ತು.

“ಹಮ್ಮಬ್ಬ,” ಎಂದರು ಅಜ್ಜಿ, “ಯಜಮಾನರಿಗೆ ಹೇಳು. ಒಮ್ಮೆ ತಪ್ತದೆ, ಆಮೇಲೆ ಸಿಗ್ತದೆ ಅಂತ ಹೇಳು. ಎರಡೂ ಹೇಳು.”

ಮಾವ ಘಾಟಿಯ ಬಸ್ಸಿಗೆ ಹೋದ. ಕೆಂಪು ಕಾರು ಕೆಲವು ಕಾಲ ಶೆಡ್ಡಿನಲ್ಲಿದ್ದು ಡಾಕ್ಟರ ಮನೆಗೆ ಹೋಯಿತು. ಅವರು ಅದನ್ನು ಟೊಪ್ಪಿ ಹಾಕಿಕೊಂಡು ಇಪ್ಪತ್ತೈದು ಮೈಲಿಯಲ್ಲೇ ಓಡಿಸುತ್ತಿದ್ದರು. ಅಜ್ಜಿ ತೀರಿಕೊಂಡಾಗ ನಾನು ಮೈಸೂರಿನಲ್ಲಿದ್ದೆ. ಅಷ್ಟರಲ್ಲಿ ಸದ್ದಿನ ಬಗ್ಗೆ, ದೂರದ ಬಗ್ಗೆ, ಸಾಕ್ಷಿ ನೆನಪನ್ನು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದರ ಬಗ್ಗೆ ನಾನು ಸಾಕಷ್ಟು ಓದಿ ಮನೆಯ ನೆಮ್ಮದಿ ಕೆಡಿಸುವಷ್ಟು ಬುದ್ಧಿವಂತನಾಗಿದ್ದೆ. ಜನರ ಬೊಬ್ಬೆಯ ನಡುವೆ, ಅಷ್ಟು ದೂರದಿಂದ, ಗೇರು ಕಚ್ಚಿಕೊಂಡ ಆ ಅರೆ ಸೆಕೆಂಡಿನ ಸದ್ದು ಕೇಳಿರಲು ಸಾಧ್ಯವೇ? ನನಗೆ ಕೇಳಿರಲಿಲ್ಲ. ಅಥವಾ ಮಗನ ಕೈಗೆ ಬಲ ಬರಲೆಂದು ಆ ಮುದುಕಿ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದರೇ, ಅದೂ ಎರಡು ವರ್ಷ ತಡವಾಗಿ? ಯಾವುದು ನಿಜವಾದರೂ ನನಗೆ ಅವರ ಮುಂದೆ ತಲೆಯೆತ್ತಲು ಆಗುವುದಿಲ್ಲ. ಆದರೂ ತಿಳಿಯಬೇಕೆಂಬ ಚಟ ಬಿಡಲಿಲ್ಲ.

ರಜೆ ಮುಗಿಸಿ ಮೈಸೂರಿಗೆ ಹೊರಟಾಗ ಒಮ್ಮೆ, ಸುತ್ತುದಾರಿಯಾದರೂ ಮಾವನ ಬಸ್ಸಿನಲ್ಲೇ ಹೋಗುವ ಎಂದು ಚಾರ್ಮಾಡಿಯ ದಾರಿ ಹಿಡಿದೆ. ಮಾವನ ಪಕ್ಕದ ಸೀಟು ಸಿಕ್ಕಿತು. ಬಸ್ಸು ತುಂಬಿತ್ತು. ಘಾಟಿ ಶುರುವಾದ ಮೇಲೆ ಕೇಳಿದೆ.

“ಮಾಮ, ಅವತ್ತು ಕೋರೆಯ ಹತ್ತಿರ ಗೇರು ನಿಜವಾಗಿ ಸಿಕ್ಕಿತ್ತಾ?”

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತಿಲ್ಲ.”

“ನಿನ್ನ ಕೈಗೇ ಗೊತ್ತಿಲ್ಲವಾ?”

“ಆ ಹೊತ್ತಿಗೆ ಕೈ ಯಾರದ್ದು, ಕಾಲು ಯಾರದ್ದು ಅಂತಲೇ ಗೊತ್ತಿರಲಿಲ್ಲ ಮಾರಾಯ. ಅಮ್ಮ ತಪ್ಪಿತು ಅಂದಾಗ ತಪ್ಪಿದ್ದೇ ನೆನಪಾಯಿತು, ದಿನಾ ನೆನಪಾಯಿತು. ಸಿಕ್ಕಿತು ಅಂದ ಮೇಲೆ ಸಿಕ್ಕಿದ್ದೂ ನೆನಪುಂಟು. ಕೋಲು ಹೋಗಿ ಕೂತದ್ದು ಈಗಲೂ ಅಂಗೈಯಲ್ಲಿ ಗೊತ್ತಾಗ್ತದೆ. ಯಾವುದು ಮೊದಲಿನಿಂದ ಇದ್ದದ್ದು, ಯಾವುದು ಆಮೇಲೆ ಬಂದದ್ದು? ನಿನ್ನ ಕಾಲೇಜಿನಲ್ಲಿ ಅದನ್ನು ಹೇಳಿಕೊಡ್ತಾರಾ?”

“ಇಲ್ಲ.”

“ಹಾಗಾದ್ರೆ ಸರಿ ಹಿಡಿದು ಕೂತುಕೋ. ತಿರುವು ಬಂತು.”

ನಾನು ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದುಕೊಂಡೆ.